ನಡುವಿನ ಕಾಲಂ ಖಾಲಿ

ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಹೊಸದಾಗಿ ಬಂದಿರುವ ಸೆಕ್ಯುರಿಟಿ ಹುಡುಗ ಉತ್ತರದ ಕಡೆಯವನು. ಮೂರೇ ತಿಂಗಳಲ್ಲಿ ಕನ್ನಡ ಹಿಡಿದಿದ್ದಾನೆ. ಮೊನ್ನೆ ಸಂಪಿಗೆ ರಸ್ತೆಯಿಂದ ಹೂವು, ತರಕಾರಿ ಹೊತ್ತುಕೊಂಡು ಬರುತ್ತಿದ್ದವಳನ್ನು ನಿಲ್ಲಿಸಿ, "ಆಂಟಿ, ನಿಮ್ಮ ಪಾರ್ಸೆಲ್ ಬಂತು. ಅಂಕಲ್ ಕೈಗೆ ಕೊಡಿದೆ" ಅಂದ. ನಕ್ಕು, "ಕೊಡಿದೆ ಅಲ್ಲಪ್ಪ, ಕೊಟ್ಟೆ ಅನ್ನಬೇಕು" ಎಂದು ತಿದ್ದಿದೆ. ಅವನು ಬಿಡಲಿಲ್ಲ. "ನೋಡು, ನೋಡಿದೆ. ಮಾಡು, ಮಾಡಿದೆ. ಕೊಡು, ಕೊಡಿದೆ ಯಾಕಿಲ್ಲ?"

ಚೀಲ ಕೆಳಗಿಟ್ಟು ಯೋಚಿಸಿದರೂ ಉತ್ತರ ಹೊಳೆಯಲಿಲ್ಲ. ಲಿಫ್ಟಿನಲ್ಲಿ ಹೊಳೆಯಿತು. ಮಾಡು, ನೋಡು, ಹಾಡು, ಓಡು, ಬೇಡು: ಇವುಗಳ ಮೊದಲಕ್ಷರ ದೀರ್ಘ, ಹಾಗಾಗಿ ಮಾಡಿದ, ನೋಡಿದ, ಹಾಡಿದ. ಕೊಡು, ಇಡು, ಬಿಡು, ಸುಡು, ನೆಡು, ಉಡು, ತೊಡು, ಕೆಡು: ಮೊದಲಕ್ಷರ ಹ್ರಸ್ವ, ಹಾಗಾಗಿ ಕೊಟ್ಟ, ಇಟ್ಟ, ಬಿಟ್ಟ, ಸುಟ್ಟ. ಐವತ್ತು ವರ್ಷ ತಪ್ಪಿಲ್ಲದೆ ಆಡಿದ ನಿಯಮ. ಯಾರೂ ಹೇಳಿಕೊಟ್ಟಿರಲಿಲ್ಲ, ನನಗೂ ಅದು ಗೊತ್ತಿದೆ ಎಂದು ಗೊತ್ತಿರಲಿಲ್ಲ.

ಸಂಜೆ ನಮ್ಮ ಮನೆಯ ಊಟದ ಮೇಜಿನ ಸುತ್ತ ಆರೇಳು ಜನ ಇಂಗ್ಲಿಷ್ ಹೇಳಿಸಿಕೊಳ್ಳಲು ಸೇರುತ್ತಾರೆ. ಬಟ್ಟೆ ಅಂಗಡಿಯ ಹುಡುಗಿಯರು, ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಾಲೇಜು ಸೇರಿದವರು, ಅಮೆರಿಕದ ಮೊಮ್ಮಗುವಿನ ಜೊತೆ ಮಾತಾಡಬೇಕೆನ್ನುವ ಒಬ್ಬ ಅಜ್ಜಿ. ಎಲ್ಲರ ದೂರೂ ಒಂದೇ: "ಮೇಡಂ, ಈ ಇರ್ರೆಗ್ಯುಲರ್ ವರ್ಬ್ ತಲೆಗೆ ಹೋಗಲ್ಲ." ಅವರ ಬ್ಯಾಗಿನಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ವಿ-ಒನ್, ವಿ-ಟು, ವಿ-ತ್ರೀ ಎಂದು ಮೂರು ಕಾಲಂ, ಎ ಅಕ್ಷರದಿಂದ ಶುರು. ಅರೈಸ್–ಅರೋಸ್–ಅರಿಸನ್ ಎಂದು ಮೊದಲ ಸಾಲು. ಬದುಕಿಡೀ ಬೇಕಾಗದ ಅರೈಸ್ ಮೊದಲು ಬಂದು, ದಿನವೂ ಬೇಕಾಗುವ ಗೋ ಮತ್ತು ಟೇಕ್ ಎಲ್ಲೋ ಕೆಳಗೆ ಬೀಳುವ ಆ ಪಟ್ಟಿಯನ್ನು ಮೊದಲು ಮಡಿಸಿ ಒಳಗಿಡಿ ಅನ್ನುತ್ತೇನೆ.

ಮಾಡು, ಆಗು

ಇಷ್ಟು ವರ್ಷ ಕೇಳಿ ಕೇಳಿ ನನಗೆ ಖಚಿತವಾದ ಒಂದು ಸಂಗತಿಯಿದೆ. ಕನ್ನಡಿಗರಿಗೆ ಮೂರೂ ಕಾಲಂ ಕಷ್ಟವಲ್ಲ, ನಡುವಿನದೊಂದೇ ಕಷ್ಟ.

ಮೊದಲನೆಯದು ನಮಗೆ ನೀರು ಕುಡಿದಷ್ಟು ಸಲೀಸು. "ಫೋಟೋ ಸೆಂಡ್ ಮಾಡಿದೆ", "ಕಲರ್ ಚೂಸ್ ಮಾಡಿದೆ", "ಅವರೇ ಟೀಚ್ ಮಾಡಿದ್ದು". ಇಂಗ್ಲಿಷ್ ಕ್ರಿಯಾಪದವನ್ನು ಬುಡದ ರೂಪದಲ್ಲೇ ಎತ್ತಿಕೊಂಡು ಪಕ್ಕದಲ್ಲಿ "ಮಾಡು" ಕೂರಿಸುತ್ತೇವೆ. ಕಾಲದ ಹೊರೆಯೆಲ್ಲ ಮಾಡು ಹೊರುತ್ತದೆ: ಸೆಂಡ್ ಮಾಡ್ತೀನಿ, ಸೆಂಡ್ ಮಾಡಿದೆ, ಸೆಂಡ್ ಮಾಡಿರ್ತೀನಿ. "ಸೆಂಟ್ ಮಾಡಿದೆ" ಎಂದು ಯಾರಾದರೂ ಅಂದದ್ದು ಕೇಳಿದ್ದೀರಾ?

ಮೂರನೆಯದು "ಆಗು" ಜೊತೆ ಬರುತ್ತದೆ. "ಟಿಕೆಟ್ ಸೋಲ್ಡ್ ಔಟ್ ಆಗಿದೆ", "ಸಾಕಾಗಿ ಫೆಡಪ್ ಆಗಿದೀನಿ". ಸೋಲ್ಡ್ ಎನ್ನುವುದು ಸೆಲ್‌ನ ಮೂರನೇ ರೂಪ. ಫೆಡಪ್‌ನಲ್ಲಿ ಇರುವುದು ಫೀಡ್‌ನ ಮೂರನೇ ರೂಪ ಫೆಡ್; ಉಣಿಸಿ ಉಣಿಸಿ ಹೊಟ್ಟೆ ಬಿರಿಯಿತು ಎನ್ನುವ ಹಾಗೆ.

ಅನುಮಾನವಿದ್ದರೆ ಸಂಪಿಗೆ ರಸ್ತೆಯಲ್ಲೇ ಒಂದು ಸುತ್ತು ಬನ್ನಿ. ಮೆಟ್ರೋ ನಿಲ್ದಾಣದಿಂದ ಹೊರಟು, ಎಂಟನೇ ಕ್ರಾಸಿನ ಹೂವಿನ ಬುಟ್ಟಿಗಳನ್ನು ದಾಟಿ, ಮೇಲೆ ಹೋಗುತ್ತಾ ಬೋರ್ಡು, ಪೊಟ್ಟಣಗಳನ್ನು ಓದಿ. ರೆಡಿಮೇಡ್ ಬಟ್ಟೆ: ಮೇಕ್–ಮೇಡ್–ಮೇಡ್. ಫ್ರೋಜನ್ ಬಟಾಣಿ: ಫ್ರೀಜ್–ಫ್ರೋಜ್–ಫ್ರೋಜನ್. ಕರೆಂಟ್ ಕಂಬಕ್ಕೆ ಅಂಟಿಸಿದ ಸ್ಪೋಕನ್ ಇಂಗ್ಲಿಷ್ ಚೀಟಿ: ಸ್ಪೀಕ್–ಸ್ಪೋಕ್–ಸ್ಪೋಕನ್. ಜೇಬಿನಲ್ಲಿ ಫೋನ್ ಗುಂಯ್ಗುಟ್ಟಿದರೆ ಅನ್‌ನೋನ್ ನಂಬರ್: ನೋ–ನ್ಯೂ–ನೋನ್. ಟೀವಿ ಅಂಗಡಿಯ ಮುಂದೆ ಮ್ಯಾಚ್ ನೋಡುತ್ತ ನಿಂತವರ ಬಾಯಲ್ಲಿ ಕಾಟ್ ಬಿಹೈಂಡ್, ರನ್ ಔಟ್. ಕಾಟ್ ಎನ್ನುವುದು ಕ್ಯಾಚ್‌ನ ಮೂರನೆಯ ರೂಪ. ರನ್ ಔಟ್‌ನಲ್ಲಿರುವ ರನ್ ಕೂಡ ಮೂರನೆಯದೇ. ರನ್–ರ‍್ಯಾನ್–ರನ್ ಎಂದು ಅದು ಊರು ಸುತ್ತಿ ಮನೆಗೇ ಮರಳುತ್ತದೆ.

ಹೀಗೆ ಎರಡು ತುದಿಯೂ ನಮ್ಮ ಮನೆಮಾತಿನೊಳಗೆ ಬಂದು ಕೂತಿವೆ. ಫ್ರೋಜ್, ಸ್ಪೋಕ್, ನ್ಯೂ, ರ‍್ಯಾನ್ ಮಾತ್ರ ಕನ್ನಡ ವಾಕ್ಯದೊಳಗೆ ಕಾಲಿಟ್ಟಿಲ್ಲ. ಕಿವಿಗೆ ಬೀಳದ್ದು ನಾಲಿಗೆಗೆ ಎಲ್ಲಿಂದ ಬರಬೇಕು? ನಿಮ್ಮ ಅಭ್ಯಾಸದ ಮುಕ್ಕಾಲು ಪಾಲನ್ನು ಈ ನಡುವಿನ ಕಾಲಂಗೇ ಕೊಡಿ. (ವಾಟ್ಸ್‌ಆ್ಯಪ್ ಒಂದು ಅಪವಾದ. ಯಾರೋ ಮುನಿಸಿಕೊಂಡು ಗ್ರೂಪು ಬಿಟ್ಟರೆ ಅಡ್ಮಿನ್‌ಗಳ ಪರದೆಯ ಮೇಲೆ "ಲೆಫ್ಟ್" ಎಂದು ಬೀಳುತ್ತದಲ್ಲ, ಅದು ಲೀವ್‌ನ ಎರಡನೇ ರೂಪ. ಎಡಕ್ಕೂ ಅದಕ್ಕೂ ಸಂಬಂಧವಿಲ್ಲ.)

ಬರಲಿಲ್ಲ, ಬಂದನಾ

ನಡುವಿನ ರೂಪ ಕಲಿತ ಮೇಲೆ ಹೊಸ ತೊಡಕು ಶುರುವಾಗುತ್ತದೆ: "ಐ ಡಿಡ್ ನಾಟ್ ವೆಂಟ್", "ಡಿಡ್ ಹೀ ಕೇಮ್?" ಕಷ್ಟಪಟ್ಟು ಕಲಿತ ವೆಂಟ್, ಕೇಮ್‌ಗಳನ್ನು ಬೇಡದ ಕಡೆಯೂ ಹಾಕುವ ಉತ್ಸಾಹ.

ಇದಕ್ಕೆ ಮದ್ದು ಕನ್ನಡದಲ್ಲೇ ಇದೆ, ಅರ್ಧದಷ್ಟು. "ಬಂದ" ಎನ್ನುವುದನ್ನು ಇಲ್ಲವಾಗಿಸಿ ನೋಡಿ. "ಬಂದಲಿಲ್ಲ" ಅನ್ನುತ್ತೀರಾ? ಇಲ್ಲ, "ಬರಲಿಲ್ಲ". ಹೋದ, ಹೋಗಲಿಲ್ಲ. ಕೊಟ್ಟ, ಕೊಡಲಿಲ್ಲ. ತಿಂದ, ತಿನ್ನಲಿಲ್ಲ. ಇಲ್ಲ ಬಂದ ಕೂಡಲೇ ಧಾತು ತನ್ನ ಮೂಲರೂಪಕ್ಕೆ ಹಿಂತಿರುಗುತ್ತದೆ. ಇಂಗ್ಲಿಷಿನ ಡಿಡ್ ನಾಟ್ ಮಾಡುವುದೂ ಅದನ್ನೇ: ಡಿಡ್ ನಾಟ್ ಕಮ್, ಡಿಡ್ ನಾಟ್ ಗೋ, ಡಿಡ್ ನಾಟ್ ಈಟ್. "ಡಿಡ್ ನಾಟ್ ಕೇಮ್" ಎಂದರೆ ಇಂಗ್ಲಿಷ್ ಕಿವಿಗೆ ಕೇಳುವುದು ಥೇಟ್ "ಬಂದಲಿಲ್ಲ" ಎಂದೇ. ಇದನ್ನು ಹೇಳಿದ ದಿನ ನಮ್ಮ ಮೇಜಿನ ಸುತ್ತ ದೊಡ್ಡ ನಗು ಎದ್ದಿತ್ತು. ಆ ತಪ್ಪು ಅಂದಿನಿಂದ ಅರ್ಧಕ್ಕಿಳಿಯಿತು.

ಉಳಿದರ್ಧ ಪ್ರಶ್ನೆಯದು. ಇಲ್ಲಿ ಕನ್ನಡ ಕೈಕೊಡುತ್ತದೆ. "ಬಂದ" ಎಂಬುದಕ್ಕೆ ಬಾಲ ಅಂಟಿಸಿ "ಬಂದನಾ?" ಎನ್ನುತ್ತೇವೆ, ಭೂತಕಾಲ ಹಾಗೇ ಉಳಿಯುತ್ತದೆ. ಅದೇ ಗುಂಗಿನಲ್ಲಿ "ಡಿಡ್ ಹೀ ಕೇಮ್" ಹೊರಬೀಳುತ್ತದೆ. ಇಂಗ್ಲಿಷಿನಲ್ಲಿ ಡಿಡ್ ಎಂಬುದೇ ಡೂ ಎಂಬುದರ ಎರಡನೇ ರೂಪ, ಭೂತಕಾಲ ಅದರೊಳಗೇ ಇದೆ. ಒಂದು ವಾಕ್ಯಕ್ಕೆ ಒಂದು ಭೂತ ಸಾಕು. ಡಿಡ್ ಹೀ ಕಮ್?

ಇನ್ನೊಂದು ಬೆಂಗಳೂರಿನ ತುಂಬ ಕೇಳಿಸುವ ತಪ್ಪು: "ಐ ಹ್ಯಾಡ್ ಸೀನ್ ಹಿಮ್ ಯೆಸ್ಟರ್ಡೇ". "ನಿನ್ನೆ ಅವರನ್ನ ನೋಡಿದ್ದೆ" ಎಂಬುದರ ಪಡಿಯಚ್ಚು. ಕನ್ನಡದಲ್ಲಿ ನೋಡಿದೆ ಎಂದರೂ ಸರಿ, ನೋಡಿದ್ದೆ ಎಂದರೂ ಸರಿ, ಕೇಳುವವರು ಸುಮ್ಮನಿರುತ್ತಾರೆ. ಇಂಗ್ಲಿಷ್ ಸುಮ್ಮನಿರುವುದಿಲ್ಲ. ನಿನ್ನೆ, ಹೋದ ವಾರ, 2014ರಲ್ಲಿ ಎಂದು ಮುಗಿದುಹೋದ ಸಮಯ ಹೇಳಿದಿರೋ, ಬೇಕಾದದ್ದು ನಡುವಿನ ಕಾಲಂ: ಐ ಸಾ ಹಿಮ್ ಯೆಸ್ಟರ್ಡೇ. ಯಾವಾಗ ಎಂದು ಹೇಳದೆ "ನೋಡಿದ್ದೀನಿ" ಎಂದಷ್ಟೇ ಆದರೆ ಹ್ಯಾವ್ ಮತ್ತು ಮೂರನೇ ಕಾಲಂ: ಐ ಹ್ಯಾವ್ ಸೀನ್ ಹಿಮ್. ಹ್ಯಾಡ್ ಬೇಕಾಗುವುದು ಒಂದು ಹಳೆಯ ಘಟನೆಗಿಂತ ಇನ್ನೊಂದು ಹಿಂದೆ ಎಂದು ತೋರಿಸುವಾಗ: ನಾನು ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು, ದಿ ಬಸ್ ಹ್ಯಾಡ್ ಗಾನ್.

ಸಾಧುಗಳ ಸದ್ದು

ಸಾಧು ಕ್ರಿಯಾಪದಗಳು, ಅಂದರೆ ರೆಗ್ಯುಲರ್ ವರ್ಬ್‌ಗಳು, ಸುಲಭವೆಂದು ಬಿಟ್ಟುಬಿಡುತ್ತೇವೆ. ಕೊನೆಗೆ ಇ-ಡಿ ಸೇರಿಸಿದರಾಯಿತು. ಬರೆಯುವಾಗ ನಿಜವೇ. ಸ್ಟಾಪ್‌ನಂಥ ಗಿಡ್ಡ ಪದಕ್ಕೆ ಕೊನೆಯ ಪಿ ಎರಡಾಗಬೇಕು, ಸ್ಟಡಿಯ ವೈ ಹೋಗಿ ಐ ಬರಬೇಕು, ಪ್ಲೇಯ ವೈ ಹಾಗೇ ಇರಬೇಕು ಎಂಬ ಸಣ್ಣಪುಟ್ಟ ಲೆಕ್ಕ ಬಿಟ್ಟರೆ ಬೇರೇನಿಲ್ಲ. ಓದುವಾಗ ಮಾತ್ರ ಎಡವುತ್ತೇವೆ. ವಾಷೆಡ್, ಕುಕ್ಕೆಡ್, ಲವ್ವೆಡ್ ಎಂದು ಎಲ್ಲಕ್ಕೂ "ಎಡ್" ಬಾಲ ಕಟ್ಟುತ್ತೇವೆ.

ಇದಕ್ಕೆ ನಮ್ಮ ವರ್ಣಮಾಲೆಗಿಂತ ಒಳ್ಳೆಯ ಪಾಠವಿಲ್ಲ. ವರ್ಗಾಕ್ಷರಗಳನ್ನು ಐದು ಸಾಲಾಗಿ ಬರೆದುಕೊಳ್ಳಿ. ಮೊದಲ ಕಂಬದಲ್ಲಿ ಕ, ಚ, ಟ, ತ, ಪ. ಮೂರನೇ ಕಂಬದಲ್ಲಿ ಗ, ಜ, ಡ, ದ, ಬ. ಕ್ರಿಯಾಪದದ ಕೊನೆಯ ಸದ್ದು ಮೊದಲ ಕಂಬದ್ದಾದರೆ ಬಾಲವೂ ಅದೇ ಕಂಬದ "ಟ್": ಕುಕ್ಟ್, ವಾಚ್ಟ್, ಸ್ಟಾಪ್ಟ್. ಸ್, ಷ್, ಫ್ ಇವುಗಳ ನೆಂಟರು: ಕಿಸ್ಟ್, ವಾಷ್ಟ್, ಲಾಫ್ಟ್. ಕೊನೆಯ ಸದ್ದು ಮೂರನೇ ಕಂಬದ್ದಾದರೆ, ಅಥವಾ ಸ್ವರ, ಅನುನಾಸಿಕ, ಲ್, ವ್, ಜ಼್‌ನಂಥದ್ದಾದರೆ ಬಾಲ "ಡ್": ಬೆಗ್ಡ್, ಪ್ಲೇಡ್, ಕ್ಲೀನ್ಡ್, ಕಾಲ್ಡ್, ಲವ್ಡ್. ಕೊನೆಯಲ್ಲಿ ಟ್ ಅಥವಾ ಡ್ ಆಗಲೇ ಇದ್ದರೆ ಮಾತ್ರ ನೀವು ಕೇಳುವ ಆ "ಎಡ್": ವೇಟೆಡ್, ನೀಡೆಡ್. ಇಷ್ಟೇ. ಕಾಗುಣಿತ ಕಲಿತ ಮಗುವಿಗೂ ಗೊತ್ತಾಗುವಂಥದ್ದು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಮೂರೂ ಒಂದೇ ಥರ ಕಾಣುವುದರಿಂದ ಮುಚ್ಚಿಹೋಗುತ್ತದೆ.

ಅದಕ್ಕೇ ನನ್ನ ಮೇಜಿನಲ್ಲಿ ಪಟ್ಟಿಯೆಲ್ಲ ಕನ್ನಡ ಲಿಪಿಯಲ್ಲಿ. ರೀಡ್–ರೆಡ್–ರೆಡ್ ಇಂಗ್ಲಿಷಿನಲ್ಲಿ ಮೂರೂ ಕಡೆ ಒಂದೇ ಸ್ಪೆಲಿಂಗ್. ಕನ್ನಡದಲ್ಲಿ ಬರೆದರೆ ಗುಟ್ಟು ರಟ್ಟು.

ತುಂಟರು ಗುಂಪಾಗಿರುತ್ತಾರೆ

ಇನ್ನು ತುಂಟರ, ಅಂದರೆ ಇರ್ರೆಗ್ಯುಲರ್ ವರ್ಬ್‌ಗಳ ಸರದಿ. ಇವರನ್ನು ಅಕಾರಾದಿಯಾಗಿ ಅಲ್ಲ, ಸದ್ದು ನೋಡಿ ಹಿಡಿಯಬೇಕು. ಕನ್ನಡದ ತುಂಟರೂ ಹಾಗೆಯೇ ಗುಂಪು ಕಟ್ಟಿಕೊಂಡಿದ್ದಾರೆ: ಕೊಟ್ಟ–ಇಟ್ಟ–ಬಿಟ್ಟ ಒಂದು ಕಡೆ, ನಕ್ಕ–ಸಿಕ್ಕ–ಹೊಕ್ಕ ಇನ್ನೊಂದು ಕಡೆ, ಕೊಂದ–ತಿಂದ–ಬಂದ–ತಂದ ಮತ್ತೊಂದು ಕಡೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಧಾತುಗಳಿಗೆಂದೇ ಒಂದು ಪ್ರಕರಣ ಮೀಸಲಿಟ್ಟಿದ್ದಾನೆ. ಜರ್ಮನಿಯಿಂದ ಬಂದು 1894ರಲ್ಲಿ ನಿಘಂಟು, 1903ರಲ್ಲಿ ವ್ಯಾಕರಣ ಕೊಟ್ಟ ಕಿಟ್ಟೆಲ್ ಕೂಡ ನಮ್ಮ ಸೆಕ್ಯುರಿಟಿ ಹುಡುಗನ ಹಾಗೆ ಹೊರಗಿನಿಂದ ಬಂದೇ ಈ ಕೊಟ್ಟ–ಬಿಟ್ಟಗಳನ್ನು ಕಲಿತವರು.

ಸೆಂಡ್–ಸೆಂಟ್, ಸ್ಪೆಂಡ್–ಸ್ಪೆಂಟ್, ಲೆಂಡ್–ಲೆಂಟ್, ಬೆಂಡ್–ಬೆಂಟ್, ಬಿಲ್ಡ್–ಬಿಲ್ಟ್. ನೋಡಿ, ಡ ಹೋಗಿ ಟ ಬಂತು, ಕೊಡು–ಕೊಟ್ಟದ ಹಾಗೆಯೇ. ಎಂಡ್, ಮೆಂಡ್‌ನಂಥವು ಮಾತ್ರ ಸಾಧುಗಳು: ಎಂಡೆಡ್, ಮೆಂಡೆಡ್.

ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಸ್ವೀಪ್–ಸ್ವೆಪ್ಟ್, ಫೀಲ್–ಫೆಲ್ಟ್, ಲೀವ್–ಲೆಫ್ಟ್, ಮೀಟ್–ಮೆಟ್, ಫೀಡ್–ಫೆಡ್. ದೀರ್ಘ ಹ್ರಸ್ವವಾಗುತ್ತದೆ. ನಮ್ಮ ಬೀಳು–ಬಿದ್ದ, ಏಳು–ಎದ್ದ, ಕೀಳು–ಕಿತ್ತಗಳಲ್ಲಿ ಆದದ್ದೂ ಇದೇ. ಈ ಎರಡು ಗುಂಪಿನಲ್ಲೂ ಎರಡನೆಯದೂ ಮೂರನೆಯದೂ ಒಂದೇ, ಹಾಗಾಗಿ ಅರ್ಧ ಕೆಲಸ ಉಳಿಯಿತು.

"ಆಟ್" ಗುಂಪಿನ ಏಳು ಜನರಲ್ಲೂ ಹಾಗೆಯೇ: ಬೈ–ಬಾಟ್, ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಫೈಟ್–ಫಾಟ್, ಸೀಕ್–ಸಾಟ್, ಕ್ಯಾಚ್–ಕಾಟ್, ಟೀಚ್–ಟಾಟ್. ಕೊಂಡದ್ದಕ್ಕೂ ತಂದದ್ದಕ್ಕೂ ಗೊಂದಲವಾಗುವುದು ಸಹಜ. ಬ್ರಿಂಗ್‌ನಲ್ಲಿ ರ ಇದೆ, ಬ್ರಾಟ್‌ನಲ್ಲೂ ರ ಇದೆ ಎಂದು ಇಟ್ಟುಕೊಳ್ಳಿ.

ಮೂರೂ ಬೇರೆ ಬೇರೆಯಾದ ಗುಂಪುಗಳನ್ನು ಹಾಡಿನ ಧಾಟಿಯಲ್ಲಿ ಹೇಳಬೇಕು. ಸಿಂಗ್–ಸ್ಯಾಂಗ್–ಸಂಗ್, ರಿಂಗ್–ರ‍್ಯಾಂಗ್–ರಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್, ಸ್ವಿಮ್–ಸ್ವ್ಯಾಮ್–ಸ್ವಮ್, ಬಿಗಿನ್–ಬಿಗ್ಯಾನ್–ಬಿಗನ್. ಇ, ಆ್ಯ, ಅ. ಈ ತಾಳದ ಅಮಲಿನಲ್ಲಿ ಬ್ರಿಂಗ್–ಬ್ರ್ಯಾಂಗ್ ಎಂದೀರಿ, ಜೋಕೆ. ಗ್ರೋ–ಗ್ರೂ–ಗ್ರೋನ್ ಜೊತೆಗೆ ನೋ, ಥ್ರೋ, ಬ್ಲೋ. ಬ್ರೇಕ್–ಬ್ರೋಕ್–ಬ್ರೋಕನ್ ಜೊತೆಗೆ ಸ್ಪೀಕ್, ಸ್ಟೀಲ್, ಚೂಸ್, ವೇಕ್. ಡ್ರೈವ್–ಡ್ರೋವ್–ಡ್ರಿವನ್ ಜೊತೆಗೆ ರೈಟ್, ರೈಡ್, ರೈಸ್. ಇವುಗಳಲ್ಲಿ ನಡುವಿನದು ಬಾಯಿ ದುಂಡಗೆ ಮಾಡಿಸುತ್ತದೆ: ಬ್ರೋಕ್, ಸ್ಟೋಲ್, ಚೋಸ್, ರೋಟ್, ಡ್ರೋವ್.

ಕಟ್, ಪುಟ್, ಹಿಟ್, ಶಟ್, ಲೆಟ್, ಹರ್ಟ್, ಕಾಸ್ಟ್, ಸ್ಪ್ರೆಡ್: ಏನೂ ಬದಲಾಗುವುದಿಲ್ಲ. ಕೊನೆಯಲ್ಲಿ ಆಗಲೇ ಟ್ ಅಥವಾ ಡ್ ಇರುವವು. "ಕಟ್ಟೆಡ್" ಬೇಡ.

ಇಷ್ಟು ಗುಂಪಾದ ಮೇಲೆ ಒಂಟಿ ಸಲಗಗಳು ಕೆಲವೇ. ಬಿ–ವಾಸ್–ಬೀನ್, ಗೋ–ವೆಂಟ್–ಗಾನ್. ವೆಂಟ್ ನಿಜಕ್ಕೂ ಗೋ ಹೊಟ್ಟೆಯಲ್ಲಿ ಹುಟ್ಟಿದ್ದಲ್ಲ. ವೆಂಡ್ ಎಂಬ ಇನ್ನೊಂದು ಕ್ರಿಯಾಪದದ ಮಗು, ಸೆಂಡ್–ಸೆಂಟ್ ಹಾಗೆ ವೆಂಡ್–ವೆಂಟ್. ಗೋ ಅದನ್ನು ದತ್ತು ತೆಗೆದುಕೊಂಡಿತು. ನಮ್ಮಲ್ಲೂ ಕೂಗು–ಕೂಗಿದ, ಬಾಗು–ಬಾಗಿದ, ತೂಗು–ತೂಗಿದ ಎಂದು ಎಲ್ಲ ನೇರವಾಗಿರುವಾಗ ಹೋಗು ಮತ್ತು ಆಗು ಮಾತ್ರ ಹೋದ, ಆದ ಎಂದು ಜಾರಿಕೊಳ್ಳುತ್ತವೆ.

ಇದು ಕಾಕತಾಳೀಯವಲ್ಲ. ಹೆಚ್ಚು ಬಾಯಿಗೆ ಬರುವ ಕ್ರಿಯಾಪದವೇ ಹಳೆಯ ರೂಪವನ್ನು ಬಿಡದೆ ಇಟ್ಟುಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಟೇಕ್, ಸೀ ಹೀಗೆ ಅತಿ ಹೆಚ್ಚು ಬಳಕೆಯವೆಲ್ಲ ತುಂಟರೇ. 2007ರಲ್ಲಿ ಹಾರ್ವರ್ಡ್‌ನ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಒಂದು ಲೆಕ್ಕ ಪ್ರಕಟಿಸಿದ್ದರು. ಹಳೆಯ ಇಂಗ್ಲಿಷಿನ 177 ತುಂಟ ಕ್ರಿಯಾಪದಗಳನ್ನು ಹಿಡಿದು ಹಿಂಬಾಲಿಸಿದರೆ ಮಧ್ಯಕಾಲೀನ ಇಂಗ್ಲಿಷಿಗೆ ಬರುವಾಗ 145, ಇಂದಿಗೆ 98 ಮಾತ್ರ ತುಂಟರಾಗಿ ಉಳಿದಿದ್ದವು. ಬಳಕೆ ಕಡಿಮೆಯಾದಷ್ಟೂ ಬೇಗ ಸಾಧುವಾಗುತ್ತವೆ. ಹೆಲ್ಪ್‌ನ ಭೂತಕಾಲ ಒಂದು ಕಾಲದಲ್ಲಿ ಹೋಲ್ಪ್ ಆಗಿತ್ತು, ಈಗ ಹೆಲ್ಪ್ಟ್. ಹೊಸದಾಗಿ ಹುಟ್ಟಿದ ಗೂಗಲ್, ಟೆಕ್ಸ್ಟ್ ಮುಂತಾದವು ಹುಟ್ಟಿನಿಂದಲೇ ಸಾಧು. ಇದರಲ್ಲಿ ಕಲಿಯುವವರಿಗೆ ಒಂದು ಲಾಭವಿದೆ: ಗೊತ್ತಿಲ್ಲದ ಅಪರೂಪದ ಕ್ರಿಯಾಪದ ಎದುರಾದರೆ ಧೈರ್ಯವಾಗಿ ಇ-ಡಿ ಹಾಕಿ, ಬಹುಪಾಲು ಸರಿಯೇ ಇರುತ್ತದೆ. ದಿನಬಳಕೆಯದ್ದಾದರೆ ಒಮ್ಮೆ ಅನುಮಾನಿಸಿ.

ಒಂದು ಜೋಡಿ ಆಟ ನನಗೆ ಬಹಳ ಇಷ್ಟ. ಕನ್ನಡದ ಬೀಳು–ಬಿದ್ದ ತುಂಟ, ಬೀಳಿಸು–ಬೀಳಿಸಿದ ಸಾಧು. ಏಳು–ಎದ್ದ ತುಂಟ, ಎಬ್ಬಿಸು–ಎಬ್ಬಿಸಿದ ಸಾಧು. "ಇಸು" ಸೇರಿದೊಡನೆ ಎಂಥ ಪೋಲಿಯೂ ಸಾಲಿಗೆ ಬರುತ್ತಾನೆ. ಇಂಗ್ಲಿಷಿನಲ್ಲಿ ತಾನೇ ಏಳುವುದು ರೈಸ್–ರೋಸ್–ರಿಸನ್, ಎತ್ತುವುದು ರೇಸ್–ರೇಸ್ಡ್. ತಾನೇ ಬೀಳುವುದು ಫಾಲ್–ಫೆಲ್–ಫಾಲನ್, ಮರ ಉರುಳಿಸುವುದು ಫೆಲ್–ಫೆಲ್ಡ್. ತಾನೇ ಒರಗುವುದು ಲೈ–ಲೇ–ಲೇನ್, ಒರಗಿಸುವುದು ಲೇ–ಲೇಡ್. ಈ ಕೊನೆಯ ಜೋಡಿಯಲ್ಲಿ ಇಂಗ್ಲಿಷರೇ ಎಡವುತ್ತಾರೆ. ನಮಗೆ "ಇಸು" ನೆನಪಾದರೆ ಸಾಕು.

ಮನೆಗೆಲಸ ಏನು ಎಂದು ಕೇಳುತ್ತೀರಾದರೆ, ಪಟ್ಟಿ ಬಾಯಿಪಾಠವಲ್ಲ. ರಾತ್ರಿ ಮಲಗುವ ಮುನ್ನ ದಿನದ ವರದಿ, ಗಟ್ಟಿಯಾಗಿ, ಏಳೆಂಟು ವಾಕ್ಯ. ಬೆಳಗಿನಿಂದ ರಾತ್ರಿವರೆಗೆ ಮನುಷ್ಯ ಮಾಡುವ ಕೆಲಸವೆಲ್ಲ ತುಂಟ ಕ್ರಿಯಾಪದಗಳಲ್ಲೇ ನಡೆಯುತ್ತದೆ. ನಮ್ಮ ಅಜ್ಜಿಯ ಒಂದು ದಿನ ಹೀಗಿತ್ತು: ಐ ವೋಕ್ ಅಪ್ ಅಟ್ ಫೈವ್. ಐ ಡ್ರ್ಯಾಂಕ್ ಕಾಫಿ. ಐ ರೆಡ್ ದಿ ಪೇಪರ್. ಐ ವೆಂಟ್ ಟು ಸಂಪಿಗೆ ರೋಡ್. ಐ ಬಾಟ್ ಟೂ ಮೊಳ ಮಲ್ಲಿಗೆ. ಐ ಮೆಟ್ ಮೈ ಫ್ರೆಂಡ್. ಶೀ ಟೋಲ್ಡ್ ಮಿ ಎವ್ರಿಥಿಂಗ್. ಐ ಕೇಮ್ ಹೋಮ್ ಲೇಟ್. "ಎವ್ರಿಥಿಂಗ್" ಎಂದರೆ ಏನೇನು ಎಂದು ನಾವು ಕೇಳಲಿಲ್ಲ. ಮೊಳಕ್ಕೆ ಇಂಗ್ಲಿಷ್ ಹುಡುಕುವ ಗೋಜಿಗೂ ಹೋಗಲಿಲ್ಲ. ಮೂರು ವಾರ ಹೀಗೆ ಹೇಳಿದವರಿಗೆ ದಿನಬಳಕೆಯ ಮೂವತ್ತು–ನಲವತ್ತು ನಡುವಿನ ರೂಪಗಳು ತಾವಾಗಿ ಕೂರುತ್ತವೆ. ನಾಲ್ಕನೇ ವಾರ ಅದೇ ವರದಿಯನ್ನು ಸುಳ್ಳಾಗಿಸಿ: ಐ ಡಿಡ್ ನಾಟ್ ಡ್ರಿಂಕ್ ಕಾಫಿ, ಐ ಡಿಡ್ ನಾಟ್ ಗೋ. ಆಮೇಲೆ ಪಕ್ಕದವರು ಪ್ರಶ್ನೆ ಕೇಳಲಿ.

ಸೆಕ್ಯುರಿಟಿ ಹುಡುಗನಿಗೆ ಹ್ರಸ್ವ–ದೀರ್ಘದ ಲೆಕ್ಕ ಹೇಳುತ್ತೇನೆ ಎಂದುಕೊಂಡವಳು ಅವಸರದಲ್ಲಿ "ಡು ಇದ್ರೆ ಟ್ಟೆ ಬರುತ್ತಪ್ಪ" ಎಂದಷ್ಟೇ ಹೇಳಿ ಆಟೋ ಹತ್ತಿದ್ದೆ. ಸಂಜೆ ಬಂದಾಗ ಗೇಟು ತೆರೆದು ಹೆಮ್ಮೆಯಿಂದ ಹೇಳಿದ: "ಆಂಟಿ, ನೀರಿನ ಟ್ಯಾಂಕ್ ಹೋಗಿ ನೋಟ್ಟೆ."